ಹುರುಳಿಯ ಮೇಲೆ ಜಾರಿದ ಬೈಕು

ಜನವರಿ ೧೭, ಶನಿವಾರ.

ಪ್ಲಾಸ್ಟರ್ ಒಳಗೆ ಕಾಲು ಕಡಿಯುತ್ತಿದೆ. ಕಡ್ಡಿ ತೂರಿಸಿದರೂ ಎಟುಕುವುದಿಲ್ಲ.

ಇವತ್ತು ಕರಿಬಸಮ್ಮ ಮಗಳು ಭುವನಾಳ ಜೊತೆ ನನ್ನನ್ನು ನೋಡಲು ಬಂದಿದ್ದರು. ಯಗಟಿ ರಸ್ತೆಯಲ್ಲಿ ನಾನು ಬೈಕಿನಿಂದ ಬಿದ್ದದ್ದು ಅವರು ಗಾಡಿಗಳು ಹರಿದು ಒಕ್ಕಣೆಯಾಗಲೆಂದು ಹರವಿದ್ದ ಹುರುಳಿಯ ಮೇಲೆ.

"ನಮ್ ಹುರುಳಿಯಿಂದ ಹಿಂಗಾಯ್ತಲ್ಲಪ್ಪಾ," ಎಂದು ಎಳನೀರು ಕೆಳಗಿಟ್ಟರು.

"ನಿಮ್ದೇನ್ ತಪ್ಪು ಬಿಡಿ. ಎಲ್ರೂ ಒಂದ್ಸಲ ಹತ್ತಿಸ್ಕಂಡು ಹೋಗ್ತಾರೆ. ಇವ್ನು ಅಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡ್ತಿದ್ನಂತೆ," ಎಂದಳು ಅಮ್ಮ.

ನನಗೆ ತಲೆ ಎತ್ತಲಾಗಲಿಲ್ಲ. ಚಕ್ರ ಹರಿದಷ್ಟೂ ಕಾಳು ಉದುರುತ್ತದೆ, ಭುವನಾಳಿಗೆ ಬಡಿಯುವ ಕೆಲಸ ಕಡಿಮೆಯಾಗುತ್ತದೆ ಎಂದು ಓಡಾಡಿದ್ದೆ. ಅವಳು ನನ್ನ ಕಡೆ ನೋಡಿ ನಕ್ಕಾಗ ಬ್ರೇಕ್ ಹಿಡಿದುಬಿಟ್ಟೆ.

ಹೊರಡುವಾಗ ಅವಳು ಅಂಗಳದಲ್ಲಿದ್ದ ಬೈಕಿನ ಸೊಟ್ಟ ಹ್ಯಾಂಡಲ್ ಮುಟ್ಟಿದಳು. ಚೈನಿಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ಬಿಡಿಸಿದಳು. ಆಮೇಲೆ ಕಿಟಕಿಯ ಕಡೆ ತಿರುಗದೆಯೇ ಹೇಳಿದಳು: "ನಮ್ ರಾಗಿ ಮೆದೆ ಇನ್ನೂ ಒಕ್ಕದೆ ಹಂಗೇ ಐತೆ. ಅರ್ಜೆಂಟೇನಿಲ್ಲ, ನಿಧಾನಕ್ಕೆ ರಸ್ತೆಗೆ ಹಾಕ್ತೀವಿ."

ಆ ಮೆದೆ ನನ್ನ ಕಾಲಿಗಾಗಿ ಕಾದೀತೇ? ಈಗ ಹೆಬ್ಬೆರಳು ಅಲ್ಲಾಡಿಸಿ ನೋಡಿದೆ. ಅಲ್ಲಾಡುತ್ತದೆ. ನೋವಿದೆ, ಆದರೂ ಇನ್ನೊಂದು ಸಲ ಅಲ್ಲಾಡಿಸಿದೆ.