ದಾರವಿಲ್ಲದ ಹಾರ

ಪರ್ಲ್ ಹಾರ್ಬರ್, ಡಿಸೆಂಬರ್ 7

ಮಹಾಸಭೆಯಲ್ಲಿ ಆಸೀನರಾದ ಅಕ್ಕನವರೇ, ಪಕ್ಕದಲ್ಲಿ ಮಲಗಿರುವ ಬೆಕ್ಕಿನವರೇ!

1941ರಲ್ಲಿ ಜಪಾನಿನ ವಿಮಾನಗಳು ಹೇಳದೆ ಕೇಳದೆ ಬಂದು ಇಲ್ಲಿನ ನೌಕಾನೆಲೆಗೆ ಬಾಂಬು ಸುರಿದ ದಿನವಿದು. ನೆರೆಮನೆಯ ಹೌನಾನಿ ಆಂಟಿಯ ಅಣ್ಣ ಅಂದು ಹಡಗಿನೊಂದಿಗೆ ಮುಳುಗಿದವನು, ಇಂದಿಗೂ ಅದರೊಳಗೇ ಇದ್ದಾನೆ. ಪ್ರತಿ ವರ್ಷದಂತೆ ಅವನಿಗೆಂದು ತಂದ ಹಾರದ ದಾರ ಎಳೆದು, ಬರೀ ಹೂವನ್ನು ನೀರಿಗೆ ಬಿಟ್ಟೆವು.

“ನಿಧಾನ ಕಣೋ! ದಾರ ಬಿದ್ದು ಆಮೆ ಗಂಟಲಿಗೆ ಸಿಕ್ಕಿದ್ರೆ ಅಣ್ಣ ನನ್ನೇ ಬೈತಾನೆ.”

“ಅವನು ಅಷ್ಟು ಸಿಡುಕನಾ, ಆಂಟಿ?”

“ಯಾರಿಗ್ಗೊತ್ತು? ನಾನಾಗ ನಾಲ್ಕು ವರ್ಷದ ಮಗು. ಅವನ ಮುಖಾನೇ ನೆನಪಿಲ್ಲ.”

ನನ್ನ ಕೆಮ್ಮು ವಾಸಿಯಾಗಿದೆ, ಕಷಾಯದ ಪುಡಿ ಬೇಡ. ಅದರ ಬದಲು ಅಪ್ಪನ ಫೋಟೋ ಒಂದು ಕಳಿಸು. ಭಾಷಣ ಸಾಕು ಅಕ್ಕಾ, ನನಗೂ ಅಪ್ಪನ ಮುಖ ಮಾಸುತ್ತಿದೆ.

ನಿನ್ನ ತಮ್ಮ,
ರೇವಣ್ಣ