ಅಮ್ಮನದು ಬಂಗೇರ, ನನ್ನದು ಸಾಲಿಯಾನ್

ಅಲ್ ಹೈಲ್, ಮಸ್ಕತ್
21 ನವೆಂಬರ್ 2025, ಶುಕ್ರವಾರ

ಪ್ರೀತಿಯ ಅಮ್ಮಾ,

ನಾನೂ ಶ್ರವಣನೂ ಸೌಖ್ಯ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬೇರಿಸುತ್ತೀ, ಗೊತ್ತು. ಫೋನಿನಲ್ಲಿ ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ತಪ್ಪಿಸಿಕೊಳ್ಳುತ್ತೀ. ಅದಕ್ಕೇ ಊರಿಗೆ ಹೊರಟ ದೂಮಪ್ಪ ಮಾಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕೂತು ಓದು.

ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಪಾಹುವಾ ವಾಂಗ್ ಬಗ್ಗೆ ಹೇಳಿದ್ದೆನಲ್ಲ? ಅಮೆರಿಕದಲ್ಲಿ ಹುಟ್ಟಿದವಳು, ಆದರೆ ಹ್ಮೋಂಗ್ ಜನ. ಅಜ್ಜ ಅಜ್ಜಿ ಯುದ್ಧಕಾಲದಲ್ಲಿ ಲಾವೋಸಿನ ಗುಡ್ಡಗಳಿಂದ ಓಡಿಬಂದವರು. ಅವಳಿಗೀಗ ತನ್ನ ಕುಲದ ಮೂಲ ಹುಡುಕುವ ಹುಚ್ಚು. ಅವರಲ್ಲಿ ಹೆಸರಿನ ಕೊನೆಯ ‘ವಾಂಗ್’ ಎಂಬುದೇ ಕುಲ, ತಂದೆಯಿಂದ ಬರುವುದು. ಪ್ರಳಯದಲ್ಲಿ ಉಳಿದ ಅಣ್ಣ-ತಂಗಿಗೆ ಉಂಡೆಯಂಥ ಮಗು ಹುಟ್ಟಿತಂತೆ, ಅದನ್ನು ಕಡಿದು ಎಸೆದಾಗ ತೋಟದಲ್ಲಿ ಬಿದ್ದ ತುಂಡೇ ವಾಂಗ್ ಕುಲವಾಯಿತಂತೆ. ಇದು ಅವಳ ಅಜ್ಜಿಯ ಕಥೆ. ಅದೆಲ್ಲ ಅಲ್ಲ, ಚೀನಾದವರಿಂದ ಪಡೆದ ಹೆಸರು ಎಂದು ಅವಳ ಚಿಕ್ಕಪ್ಪನ ವಾದ. ಇಬ್ಬರು ಅಪರಿಚಿತ ವಾಂಗ್‌ಗಳು ಭೇಟಿಯಾದರೆ, ಹಿರಿಯರಿಗೆ ಹೋರಿ ಬಲಿ ಕೊಟ್ಟಾಗ ನಿಮ್ಮ ಮನೆಯಲ್ಲಿ ಎಷ್ಟು ಬಟ್ಟಲು ಇಡುತ್ತೀರಿ ಎಂದು ಕೇಳಿಕೊಳ್ಳುತ್ತಾರಂತೆ. ಉತ್ತರ ತಾಳೆಯಾದರೆ ಒಂದೇ ಮನೆತನ. ಕಾಗದಪತ್ರ ಏನೂ ಬೇಡ!

ನಮ್ಮ ತುಳುವರಲ್ಲೂ ಕುಲದ ಹಾಗೆ ‘ಬರಿ’ ಎಂದಿದೆ, ಅದು ತಾಯಿಯಿಂದ ಬರುತ್ತದೆ, ಒಂದೇ ಬರಿಯವರು ಅಣ್ಣ-ತಂಗಿ, ಮದುವೆ ಕೂಡದು ಎಂದು ನಾನೂ ಜಂಬದಿಂದ ಹೇಳಿದೆ. ಅವಳು ಬಿಡುವವಳೇ? ದೊಡ್ಡ ಹಾಳೆ ತಂದು ನನ್ನ ವಂಶವೃಕ್ಷ ಬರೆಯಲು ಕೂರಿಸಿದಳು. ನನ್ನ ಬರಿ ಸಾಲಿಯಾನ್ ಎಂದು ಬರೆದೆ. ಮದುವೆಯ ಮಾತುಕತೆಯಲ್ಲಿ ಶ್ರವಣನ ತಾಯಿ ಕೇಳಿದಾಗ ನೀನೇ ಹೇಳಿದ್ದಲ್ಲವೇ, ಹುಡುಗಿಯದು ಸಾಲಿಯಾನ್ ಎಂದು? ಅವನದು ಬಂಗೇರ. ಬೇರೆ ಬೇರೆ, ಸರಿಹೋಯಿತು ಎಂದರು ಎಲ್ಲರೂ.

ಅಜ್ಜಿಯ ಹಿಂದಿನವರ ಹೆಸರು ಗೊತ್ತಿಲ್ಲದೆ, ಕಳೆದ ಶುಕ್ರವಾರ ಇಲ್ಲೇ ರೂವಿಯಲ್ಲಿರುವ ದೂಮಪ್ಪ ಮಾಮನ ಮನೆಗೆ ಹೋದೆ. ನಿನ್ನ ದೊಡ್ಡಮ್ಮನ ಮಗ, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಹಾ ಕುಡಿಯುತ್ತಾ ಅವರು, “ನಾವೆಲ್ಲ ಬಂಗೇರ ಅಲ್ವಾ ಮಾರಾಯ್ತಿ, ನಿನ್ನ ಅಮ್ಮನೂ ಬಂಗೇರವೇ” ಎಂದರು. “ಹಾಗಾದರೆ ನಾನು?” ಎಂದು ಕೇಳಿದೆ. ಅವರು ಚಹಾ ಕೆಳಗಿಟ್ಟರು. “ಖಲಾಸ್, ಇನ್ನು ನನ್ನತ್ರ ಕೇಳ್ಬೇಡ” ಎಂದು ತಮ್ಮದೇ ಮನೆಯಿಂದ ಎದ್ದು ಹೊರಗೆ ಹೋಗಿಬಿಟ್ಟರು.

ಎರಡು ದಿನ ನಾನು ಶ್ರವಣನ ಮುಖ ನೋಡಲಿಲ್ಲ. ನೀನು ಬಂಗೇರ ಎಂದರೆ ನಾನೂ ಬಂಗೇರ, ಗಂಡನೇ ಅಣ್ಣನಾದ ಹಾಗಾಯಿತಲ್ಲ! ಸೊಂಟನೋವು ಎಂದು ಸೋಫಾದ ಮೇಲೆ ಮಲಗಿದೆ. ಮೂರನೆಯ ದಿನ ಹೊಳೆಯಿತು. ನಿನ್ನ ವಯಸ್ಸು, ನಿನ್ನ ಸಕ್ಕರೆ ಕಾಯಿಲೆ, ಇವುಗಳ ಬಗ್ಗೆ ನೀನು ಸಲೀಸಾಗಿ ಸುಳ್ಳು ಹೇಳುತ್ತೀ. ‘ಬರಿ’ಯ ವಿಷಯದಲ್ಲಿ ಮಾತ್ರ ನೀನು ಸತ್ತರೂ ಸುಳ್ಳು ಹೇಳಲಾರೆ. ಅಂದರೆ ಎರಡೂ ನಿಜ. ನೀನು ಬಂಗೇರ, ನಾನು ಸಾಲಿಯಾನ್. ನನ್ನನ್ನು ಹೆತ್ತವಳು ಬೇರೆ.

ಬಹಳ ಅತ್ತುಬಿಟ್ಟೆ ಅಮ್ಮಾ. ಆಮೇಲೆ ಕುತೂಹಲ ಶುರುವಾಯಿತು. ಅವಳ ಹೆಸರೇನು? ಅಪ್ಪನ ಮೊದಲ ಹೆಂಡತಿಯೇ? ಅವಳೂ ನನ್ನ ಹಾಗೆ ಎಡಗೈಯಲ್ಲೇ ಬರೆಯುತ್ತಿದ್ದಳೇ? ಅವಳ ಕಡೆಯವರು ಎಲ್ಲಿದ್ದಾರೆ, ನನ್ನ ನೆನಪು ಅವರಿಗಿದೆಯೇ? ಹಾಳೆಯಲ್ಲಿ ನನ್ನ ಮೇಲಿನ ಜಾಗ ಖಾಲಿ ಇದೆ. ಪಾಹುವಾ ದಿನಾ ಕೇಳುತ್ತಾಳೆ, ನಾನು ದಿನಾ ನಾಳೆ ಎನ್ನುತ್ತೇನೆ.

ಇನ್ನೊಂದು ಮಾತು. ಅಂದು ನೀನು ನಮ್ಮದೂ ಬಂಗೇರ ಎಂದಿದ್ದರೆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಯಾರೂ ನಿನ್ನನ್ನು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ನನಗೆ ಶ್ರವಣ ಇಷ್ಟವೆಂದು ನಿನಗೆ ಗೊತ್ತಿತ್ತು. ನೀನು ನಿಜ ಹೇಳಿಬಿಟ್ಟರೆ ಒಂದಲ್ಲ ಒಂದು ದಿನ ನಾನು ಹೀಗೆ ಕೇಳುತ್ತೇನೆಂದೂ ಗೊತ್ತಿದ್ದಿರಬೇಕು. ಗೊತ್ತಿದ್ದೂ ನೀನು ನಿಜವನ್ನೇ ಹೇಳಿದೆ.

ಅವಳ ಹೆಸರು ಬರೆದು ಕಳಿಸು. ಹೆದರಬೇಡ. ನಾನು ಹುಡುಕುತ್ತಿರುವುದು ಹೆಸರನ್ನು, ಅಮ್ಮನನ್ನಲ್ಲ.

ನಿನ್ನ ಮಗಳು,
ಯಶ್ಮಿತಾ

ತಾ.ಕ.: ನನಗೆ ಮೂರು ತಿಂಗಳು. ಆ ಎರಡು ದಿನ ಅಷ್ಟೊಂದು ಹೆದರಿದ್ದು ಇದಕ್ಕೇ. ಮಗು ಸಾಲಿಯಾನ್ ಆಗುತ್ತದೆ, ಅದು ಹೆತ್ತವಳು ಕೊಟ್ಟದ್ದು. ಬಾಣಂತನಕ್ಕೆ ಮಾತ್ರ ಬಂಗೇರ ಬರಿಯವರೇ ಬರಬೇಕು. ದೂಮಪ್ಪ ಮಾಮ ಬರುತ್ತೇನೆಂದರೆ ನಾನು ಒಪ್ಪುವುದಿಲ್ಲ.