ಕುಕ್ಕರಿಗೆ ಹೇಳಿದ ಪಾಠ

ಹಾಸ್ಟೆಲ್, ಭಾನುವಾರ ಮಧ್ಯಾಹ್ನ

ಅಮ್ಮಾ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಊಟ, ತಿಂಡಿ, ನಿದ್ದೆಗೆ ಕೊರತೆಯಿಲ್ಲ ಎಂದಷ್ಟೇ ತಿಳಿ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಲೋ ಕೇಳಿದ ಕೂಡಲೇ ಫೋನು ಇಟ್ಟುಬಿಡುತ್ತೇನೆ.

ಈ ಕಾಲೇಜಿಗೆ ವರ್ಗಾವಣೆ ಬೇಕೆಂದಾಗ, ಇಲ್ಲಿನ ಪ್ರಯೋಗಾಲಯ ದೊಡ್ಡದು ಎಂದಿದ್ದೆ. ನೀನು ತರಕಾರಿ ಹೆಚ್ಚುತ್ತಲೇ, “ಒಂದೇ ಯೂನಿವರ್ಸಿಟಿ, ಒಂದೇ ಸಿಲಬಸ್ಸು. ಅಲ್ಲಿ ಉಪ್ಪೇನು ಸಿಹಿಯಾಗಿರುತ್ತಾ?” ಎಂದೆ. ಆಮೇಲೆ ಏನೂ ಕೇಳದೆ, ಎರಡೂ ಕಾಲೇಜಿನ ಪ್ರಾಂಶುಪಾಲರ ಬಳಿ ನೀನೇ ಓಡಾಡಿ ಒಪ್ಪಿಗೆ ತಂದುಕೊಟ್ಟೆ. ನಿನ್ನಿಂದಲೇ ದೂರ ಓಡುವವಳಿಗೆ ನೀನೇ ದಾರಿ ಮಾಡಿಕೊಟ್ಟೆ. ಇಲ್ಲಿನ ಪ್ರಯೋಗಾಲಯವನ್ನು ನಿನ್ನೆ ನೋಡಿದೆ. ನಮ್ಮದರ ಅರ್ಧವೂ ಇಲ್ಲ.

ಆ ದಿನದ ವಿಷಯ ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಕಾಲೇಜಿನಲ್ಲಿ ನೀನು ನನಗೆ ಮೇಡಂ, ಮೂಲೆಯ ಔಷಧಿ ಅಂಗಡಿ ದಾಟಿದ ಮೇಲೆ ಅಮ್ಮ ಎಂಬುದು ನಮ್ಮ ಒಪ್ಪಂದವಾಗಿತ್ತಲ್ಲ. ಅದನ್ನು ನಾನು ಮುರಿದೆ. ಪ್ರಯೋಗಾಲಯದ ಮೊಳೆಗೆ ತೂಗುಹಾಕಿದ್ದ ನಿನ್ನ ಬಿಳಿ ಕೋಟು, ಜೇಬಿನ ಮೇಲೆ ಕಂದು ಕಲೆಯಿರುವುದು, ಹಾಕಿಕೊಂಡು ಮೇಜಿನ ಹಿಂದೆ ನಿಂತೆ. ಗೆಳತಿಯರು ಬಲವಂತ ಮಾಡಿದರು.

ಇಲ್ಲ, ಯಾರೂ ಬಲವಂತ ಮಾಡಲಿಲ್ಲ. ನಾನೇ ನಿಂತೆ. “ಅರ್ಥ ಆಗ್ಲಿಲ್ವಾ? ಸರಿ, ಮತ್ತೆ ಮೊದಲಿಂದ” ಎಂದು ನಿನ್ನ ಹಾಗೇ ಕನ್ನಡಕ ಏರಿಸಿದೆ. ಎಲ್ಲರೂ ನಕ್ಕರು. ಅಷ್ಟಕ್ಕೇ ನಿಲ್ಲಿಸಿದ್ದರೆ ತುಂಟಾಟವೆಂದು ನೀನೂ ನಗುತ್ತಿದ್ದೆಯೇನೋ. ಹೊಗಳಿಕೆಗೆ ಉಬ್ಬಿದ ಬಾಯಿ ನಿಲ್ಲಲಿಲ್ಲ. ಮನೆಯ ಗುಟ್ಟನ್ನು ರಟ್ಟು ಮಾಡಿದೆ. ನಿನಗೆ ಚಿಕ್ಕಂದಿನಿಂದ ಮಾತು ತೊದಲುತ್ತದೆ, ‘ಪೊಟ್ಯಾಶಿಯಂ’ ಎನ್ನಲು ನಾಲಿಗೆ ತಡೆಯುತ್ತದೆ, ಅದಕ್ಕೇ ಮರುದಿನದ ಪಾಠವನ್ನೆಲ್ಲ ಸಂಜೆ ಅಡುಗೆಮನೆಯಲ್ಲಿ ಕುಕ್ಕರಿಗೆ ಒಪ್ಪಿಸುತ್ತೀಯ ಎಂದು ಹೇಳಿದೆ. ಕುಕ್ಕರ್ ಕೂಗಿದರೆ “ನಿಂಗಾದ್ರೂ ಅರ್ಥ ಆಯ್ತಲ್ಲ, ಸದ್ಯ” ಎನ್ನುತ್ತೀಯಲ್ಲ, ಅದನ್ನೂ ಬಿಡಲಿಲ್ಲ. ಸೌಟು ಹಿಡಿದವಳಂತೆ ಕೈಯಾಡಿಸಿ ತೊದಲಿ ತೋರಿಸಿದೆ.

ನಗು ತಟ್ಟನೆ ನಿಂತಾಗ ತಿರುಗಿ ನೋಡಿದೆ. ನೀನು ಬಾಗಿಲಲ್ಲಿದ್ದೆ.

ಬೈದಿದ್ದರೆ ಚೆನ್ನಾಗಿತ್ತು. ನೀನು “ಕೋಟು ಕೊಡಮ್ಮ, ಕ್ಲಾಸಿಗೆ ಹೊತ್ತಾಯ್ತು” ಎಂದೆ, ಅಷ್ಟೆ. ಸಂಜೆ ಔಷಧಿ ಅಂಗಡಿ ದಾಟಿದರೂ ನನಗೆ ಅಮ್ಮ ಎನ್ನಲು ಬಾಯಿ ಬರಲಿಲ್ಲ.

ಅಂದಿನಿಂದ ನೀನು ಅಡುಗೆಮನೆಯಲ್ಲಿ ಪಾಠ ಹೇಳುವುದನ್ನು ಬಿಟ್ಟೆ. ಕುಕ್ಕರ್ ಸುಮ್ಮನೆ ಕೂಗಿ ಸುಮ್ಮನಾಗುತ್ತಿತ್ತು. ತರಗತಿಯಲ್ಲಿ ನೀನು ತಡವರಿಸತೊಡಗಿದೆ. ಹೇಳಲಾಗದ ಮಾತನ್ನು ಹಲಗೆಯ ಮೇಲೆ ಬರೆದು ಬೆರಳು ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರು ಕುಕ್ಕರಿನಂತೆ ಶಿಳ್ಳೆ ಹಾಕಿದರು. ನಾನು ತಲೆ ಬಗ್ಗಿಸಿ ಕೂತೆ. ಎದ್ದು ಅವರ ಬಾಯಿ ಮುಚ್ಚಿಸಬೇಕಾದವಳು ಕಾಲೇಜೇ ಬದಲಿಸಿದೆ. ತಪ್ಪು ಮಾಡಿದವಳು ನಾನು, ಊರು ಬಿಟ್ಟವಳೂ ನಾನು, ಶಿಕ್ಷೆ ಮಾತ್ರ ನಿನಗೆ. ನನಗೆ ನಾಚಿಕೆಯಾಗುತ್ತಿದೆ ಅಮ್ಮ. ಕನ್ನಡಿ ನೋಡಿ ತಲೆ ಬಾಚಲೂ ನಾಚಿಕೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಒಂದನ್ನು ಕೇಳುತ್ತೇನೆ. ಮತ್ತೆ ಪಾಠ ಒಪ್ಪಿಸಲು ಶುರು ಮಾಡು. ನನ್ನ ನಾಲಿಗೆಯಿಂದಾಗಿ ನಿನ್ನ ನಾಲಿಗೆ ಕಟ್ಟಿಹೋಗಬಾರದು. ಮುಂದಿನ ಶನಿವಾರ ಬರುತ್ತೇನೆ. ಬಸ್ಸಿಳಿದು ಮೊದಲು ಕಾಲೇಜಿಗೇ ಬಂದು, ಹಿಂದಿನ ಬೆಂಚಿನವರ ಮುಂದೆ ನಿಂತು, ಹೇಳಬೇಕಾದ್ದನ್ನು ಹೇಳುತ್ತೇನೆ. ಅಲ್ಲೇ, ಎಲ್ಲರೆದುರಿಗೇ, ನಿನ್ನನ್ನು ಅಮ್ಮಾ ಎಂದು ಕರೆಯುತ್ತೇನೆ. ಓಗೊಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ
ಬಾಯಿಬಡುಕಿ

ಮತ್ತೆ ಬರೆದದ್ದು: ಪತ್ರ ಮಡಚಿಟ್ಟು ನಾಳೆಯ ಪ್ರಯೋಗಕ್ಕೆಂದು ಬ್ಯಾಗು ತೆರೆದೆ. ನನ್ನ ಕೋಟು ಹರಿದಿದೆ ಎಂದಾಗ “ಒಂದು ಇಟ್ಟಿದ್ದೀನಿ ಹೋಗು” ಎಂದಿದ್ದೆಯಲ್ಲ, ಹೊಸದಿರಬೇಕು ಎಂದುಕೊಂಡಿದ್ದೆ. ಜೇಬಿನ ಮೇಲೆ ಕಂದು ಕಲೆಯಿದೆ. ತೋಳುಗಳನ್ನು ಒಳಕ್ಕೆ ಮಡಚಿ ನನ್ನ ಅಳತೆಗೆ ಹೊಲಿದಿದ್ದೀಯ. ಅಮ್ಮಾ, ಹಾಗಾದರೆ ನೀನು ತರಗತಿಗೆ ಏನು ಹಾಕಿಕೊಂಡು ಹೋಗುತ್ತಿದ್ದೀಯ?